ಭೌತಶಾಸ್ತ್ರ ತರಗತಿಯಲ್ಲಿ ಆಕಳಿಕೆ: ಪ್ರಯೋಗಕ್ಕೆ ಮೊದಲು ಊಹೆ

ಪ್ರಶ್ನೆ: ನಾನು ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಾಠ ಶುರುವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಹಿಂದಿನ ಬೆಂಚಿನವರಿಗೆ ತೂಕಡಿಕೆ. ವಿಡಿಯೊ ತೋರಿಸಿ ನೋಡಿದೆ, ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆ. ಆ ಹೊತ್ತಿಗೆ ಚಪ್ಪಾಳೆ ಬೀಳುತ್ತದೆ. ಮರುದಿನ ಕೇಳಿದರೆ ಯಾರಿಗೂ ಏನೂ ಗೊತ್ತಿಲ್ಲ. ತರಗತಿ ಸ್ವಾರಸ್ಯವಾಗಲು ಏನು ಮಾಡಬೇಕು? ಪಠ್ಯವನ್ನೂ ಮುಗಿಸಬೇಕಲ್ಲ?

ಉತ್ತರ: ಪ್ರಯೋಗ ಮಾಡಿದ್ದು ಸರಿ, ಮಾಡಿದ ಸಮಯ ತಪ್ಪು. ಮಕ್ಕಳು ಮನಸ್ಸಿನಲ್ಲಿ ಯಾವ ಪಕ್ಷವನ್ನೂ ಹಿಡಿಯುವ ಮೊದಲೇ ನೀವು ಫಲಿತಾಂಶ ತೋರಿಸಿಬಿಟ್ಟಿರಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಪ್ರಯೋಗವನ್ನು ಸುಮ್ಮನೆ ಕುಳಿತು ನೋಡಿದ ವಿದ್ಯಾರ್ಥಿಗಳು, ಅದನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥಮಾಡಿಕೊಂಡಿರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ ಆಮೇಲೆ ನೋಡಿದವರಿಗೆ ಮಾತ್ರ ವಿಷಯ ಗಟ್ಟಿಯಾಗಿ ಕುಳಿತಿತ್ತು. ಇದಕ್ಕೆ ಬೇಕಾದ ಹೆಚ್ಚುವರಿ ಸಮಯ ಒಂದೆರಡು ನಿಮಿಷ, ಅಷ್ಟೇ.

ಮಜೂರ್ ಈ ದಾರಿಗೆ ಬಂದದ್ದು ಹೇಗೆ ಎಂಬುದು ಸ್ವಾರಸ್ಯದ ಕಥೆ. 1990ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಬಲ ಮತ್ತು ಚಲನೆಯ ಬಗ್ಗೆ ಲೆಕ್ಕವೇ ಇಲ್ಲದ, ತೀರಾ ಸರಳವಾಗಿ ಕಾಣುವ ಪರೀಕ್ಷೆಯೊಂದನ್ನು ಕೊಟ್ಟರು. ಆಗ ವಿದ್ಯಾರ್ಥಿನಿಯೊಬ್ಬಳು, ಇದಕ್ಕೆ ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿಜವಾಗಿ ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳಂತೆ. ನಮ್ಮ ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಪರಿಸ್ಥಿತಿ ಬೇರೆಯೇನಲ್ಲ. ಪ್ರತಿ ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಾರೆ. ಲಾರಿಗೂ ಸ್ಕೂಟರಿಗೂ ಡಿಕ್ಕಿಯಾದಾಗ ಯಾವುದರ ಮೇಲೆ ಹೆಚ್ಚು ಬಲ ಬಿತ್ತು ಎಂದು ಕೇಳಿ ನೋಡಿ. ಮುಕ್ಕಾಲು ತರಗತಿ ಸ್ಕೂಟರ್ ಎನ್ನುತ್ತದೆ. ಬಲ ಎರಡರ ಮೇಲೂ ಸಮ. ರಾಶಿ ಕಡಿಮೆ ಇರುವುದರಿಂದ ಸ್ಕೂಟರಿನ ವೇಗ ಥಟ್ಟನೆ ಬದಲಾಗುತ್ತದೆ, ಅದಕ್ಕೇ ಅದು ನುಜ್ಜುಗುಜ್ಜಾಗುತ್ತದೆ.

ನಾಳೆಯೇ ಮಾಡಬಹುದಾದ ಒಂದು ಪ್ರಯೋಗವನ್ನು ವಿವರವಾಗಿ ಹೇಳುತ್ತೇನೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಕಾಯಿಸಿದ ದಬ್ಬಳದಿಂದ ತಳಕ್ಕಿಂತ ಎರಡು ಬೆರಳು ಮೇಲೆ ಒಂದು ತೂತು ಮಾಡಿ. ತೂತಿಗೆ ಬೆರಳು ಒತ್ತಿ ನೀರು ತುಂಬಿಸಿ, ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಮತ್ತೆ ಬೆರಳು ಒತ್ತಿಕೊಂಡು ಕುರ್ಚಿಯ ಮೇಲೆ ನಿಂತು, ಕೆಳಗೆ ಬಕೆಟ್ ಇಟ್ಟು, ಕೇಳಿ: ಬಾಟಲಿಯನ್ನು ಕೈಬಿಟ್ಟರೆ, ಅದು ಬೀಳುತ್ತಿರುವಾಗ ನೀರು ಏನಾಗುತ್ತದೆ? ಒಂದು, ಜೋರಾಗಿ ಚಿಮ್ಮುತ್ತದೆ. ಎರಡು, ಹಾಗೆಯೇ ಚಿಮ್ಮುತ್ತಿರುತ್ತದೆ. ಮೂರು, ನಿಂತುಹೋಗುತ್ತದೆ.

ಉತ್ತರವನ್ನು ಬಾಯಲ್ಲಿ ಕೇಳಬೇಡಿ. ಮುಂದಿನ ಬೆಂಚಿನ ಜಾಣ ಹುಡುಗಿ ಏನಾದರೂ ಅಂದರೆ ಉಳಿದವರೆಲ್ಲ ಅದಕ್ಕೇ ಜೋತುಬೀಳುತ್ತಾರೆ. ಒಂದು, ಎರಡು, ಮೂರು ಎಂದು ಬೆರಳುಗಳನ್ನು ಎದೆಯ ಹತ್ತಿರ ಹಿಡಿದು, ಎಲ್ಲರೂ ಒಟ್ಟಿಗೆ ತೋರಿಸಲಿ. ಆಮೇಲೆ ಎರಡು ನಿಮಿಷ ಪಕ್ಕದವರ ಜೊತೆ ವಾದ ಮಾಡಲು ಬಿಡಿ. ಗಲಾಟೆಯಾಗುತ್ತದೆ, ಆಗಲಿ. ಪ್ರಾಂಶುಪಾಲರು ಬಾಗಿಲಲ್ಲಿ ಇಣುಕಿದರೆ ಅವರಿಗೂ ಅದೇ ಪ್ರಶ್ನೆ ಹಾಕಿ. ಮತ್ತೊಮ್ಮೆ ಬೆರಳು ತೋರಿಸಲಿ. ಅನಂತರ ಬಾಟಲಿ ಬಿಡಿ. ಒಬ್ಬರ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಸಿ.

ಬೀಳುವಾಗ ನೀರು ನಿಲ್ಲುತ್ತದೆ. ತೂತಿನಿಂದ ನೀರು ಚಿಮ್ಮುವುದು ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ಒತ್ತುವುದರಿಂದ. ಬಾಟಲಿಯೂ ನೀರೂ ಒಂದೇ ವೇಗೋತ್ಕರ್ಷದಲ್ಲಿ ಬೀಳುತ್ತಿರುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಇಲ್ಲಿಗೇ ಮುಗಿಸಬೇಡಿ, ನಿಜವಾದ ಮಜಾ ಮುಂದಿದೆ. ಬಾಟಲಿಯನ್ನು ಮೇಲಕ್ಕೆ ಎಸೆದರೆ, ಏರುವ ದಾರಿಯಲ್ಲಿ ಏನಾಗುತ್ತದೆ? ಈಗ ತಾನೇ ಸರಿಯುತ್ತರ ಹೇಳಿದವರೂ ಇಲ್ಲಿ ಮುಗ್ಗರಿಸುತ್ತಾರೆ. ಹೊರಗೆ ಮೈದಾನಕ್ಕೆ ಕರೆದುಕೊಂಡು ಹೋಗಿ ಎಸೆದು ತೋರಿಸಿ: ಕೈಬಿಟ್ಟ ಕ್ಷಣದಿಂದ, ಏರುವಾಗಲೂ, ನೀರು ಚಿಮ್ಮುವುದಿಲ್ಲ. ಮೇಲೆ ಹೋಗುತ್ತಿದ್ದರೂ ಅದರ ಮೇಲಿರುವುದು ಗುರುತ್ವದ ಎಳೆತವೊಂದೇ, ಆದ್ದರಿಂದ ಅದು ಮುಕ್ತಪತನವೇ.

ಮುಂದಿನ ಹೆಜ್ಜೆಗೆ ಮಕ್ಕಳೇ ಕೈಹಿಡಿದು ಎಳೆಯುತ್ತಾರೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡಿದ್ದನ್ನು ಅವರೆಲ್ಲ ನೋಡಿದ್ದಾರೆ (ಧಾರವಾಡದ ವಿಜ್ಞಾನಿಗಳಿಗಾಗಿ ಅಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದೂ ಅವರೇ). ಅಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ ಎಂದು ಹೆಚ್ಚಿನವರು ನಂಬಿದ್ದಾರೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿನ ಗುರುತ್ವ ನೆಲದ ಮೇಲಿನದರ ಶೇ 90ರ ಹತ್ತಿರ ಇದೆ. ಲೆಕ್ಕ ಅವರೇ ಹಾಕಲಿ, ಸೂತ್ರ ಪುಸ್ತಕದಲ್ಲಿದೆ. ಶುಕ್ಲಾ ತೇಲಿದ್ದಕ್ಕೂ ನಿಮ್ಮ ಬಾಟಲಿಯ ನೀರು ನಿಂತದ್ದಕ್ಕೂ ಕಾರಣ ಒಂದೇ, ಮುಕ್ತಪತನ.

ಪ್ರಶ್ನೆಯ ಆಯ್ಕೆಯಲ್ಲೇ ಕೈಚಳಕ ಇರುವುದು. ಎಲ್ಲರೂ ಸರಿಯುತ್ತರ ಕೊಟ್ಟರೆ ವಾದಕ್ಕೆ ಜಾಗವಿಲ್ಲ, ಯಾರೂ ಕೊಡದಿದ್ದರೆ ವಾದ ಕುರುಡರ ಮೆರವಣಿಗೆ. ಮೊದಲ ಸುತ್ತಿನಲ್ಲಿ ಶೇ 30ರಿಂದ 70ರಷ್ಟು ಮಂದಿ ಸರಿ ಇದ್ದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ ಎಂಬುದು ಮಜೂರ್ ಅವರ ಅಂದಾಜು. ಇನ್ನೊಂದು ಮಾತು, ಪ್ರಯೋಗವನ್ನು ಹಿಂದಿನ ದಿನ ನೀವೊಬ್ಬರೇ ಮಾಡಿ ನೋಡಿ. ಸ್ಥಾಯಿ ವಿದ್ಯುತ್ತಿನ ಪ್ರಯೋಗಗಳು ಜನವರಿಯ ಕಲಬುರಗಿಯಲ್ಲಿ ಕೆಲಸ ಮಾಡಿದಂತೆ ಜುಲೈನ ಮಂಗಳೂರಿನಲ್ಲಿ ಮಾಡುವುದಿಲ್ಲ. ಗಾಳಿಯ ತೇವ ವಿದ್ಯುದಂಶವನ್ನು ಸೋರಿಸಿಬಿಡುತ್ತದೆ.

ಚಲನೆಯ ಪಾಠಕ್ಕೆ ಮೂವತ್ತು ಸೆಂಟಿಮೀಟರಿನ ಸ್ಕೇಲ್ ಸಾಕು. ಒಬ್ಬರು ತುದಿ ಹಿಡಿದು ಹೇಳದೆ ಬಿಡಲಿ, ಇನ್ನೊಬ್ಬರು ಕೆಳಗೆ ಬೆರಳುಗಳ ನಡುವೆ ಹಿಡಿಯಲಿ. 20 ಸೆಂಟಿಮೀಟರ್ ಜಾರಿದರೆ ಪ್ರತಿಕ್ರಿಯೆಗೆ ಹಿಡಿದ ಸಮಯ 0.2 ಸೆಕೆಂಡ್. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟರಲ್ಲಿ ಮೂರು ಮೀಟರಿಗೂ ಮೀರಿ ಮುಂದೆ ಹೋಗಿರುತ್ತದೆ, ಬ್ರೇಕಿಗೆ ಕಾಲು ತಾಗುವ ಮೊದಲೇ. ದ್ವಿತೀಯ ಪಿಯುಸಿಯ ಲೆಂಜ್ ನಿಯಮಕ್ಕೆ (ಪ್ರೇರಿತ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ ಎಂಬ ನಿಯಮ) ಅಲ್ಯೂಮಿನಿಯಂ ಕೊಳವೆಯ ತುಂಡು, ಅದರೊಳಗೆ ಹೋಗುವ ನಿಯೋಡಿಮಿಯಂ ಆಯಸ್ಕಾಂತ. ಅದು ಒಳಗೆ ತೆವಳಿದಂತೆ ಇಳಿಯುತ್ತದೆ. ಅಷ್ಟೇ ಗಾತ್ರದ ಕಬ್ಬಿಣದ ಗುಂಡು ದಡಕ್ಕನೆ ಬೀಳುತ್ತದೆ. ಇವಕ್ಕೂ ಊಹೆ ಮೊದಲು.

ಪಠ್ಯ ಮುಗಿಸುವ ಚಿಂತೆಗೆ ಬರೋಣ. ಪುಸ್ತಕದಲ್ಲಿ ಅಚ್ಚಾಗಿರುವ ಸೂತ್ರಗಳ ನಿರೂಪಣೆಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ನಕಲು ಮಾಡಿಕೊಳ್ಳುವುದರಲ್ಲೇ ನಮ್ಮ ಅರ್ಧ ಅವಧಿ ಕಳೆಯುತ್ತದೆ. ಅದನ್ನು ಮನೆಯಲ್ಲಿ ಓದಿಕೊಂಡು ಬರಲಿ. ತರಗತಿಯಲ್ಲಿ ಎಡವುವ ಒಂದೆರಡು ಸಾಲುಗಳನ್ನು ಮಾತ್ರ ಬಿಡಿಸಿ. ಎಲ್ಲ ಪಾಠಕ್ಕೂ ಹೀಗೆ ಮಾಡಲಾಗದು. ವಾರಕ್ಕೆ ಎರಡು ಅವಧಿ ಸಿಕ್ಕರೂ ಸಾಕು. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ, ಎಲ್ಲವೂ ಬಹು ಆಯ್ಕೆಯವು. ಹಾಗಾಗಿ ಈ ಬೆರಳೆಣಿಕೆ ಅದಕ್ಕೂ ಅಭ್ಯಾಸವೇ ಎಂದು ಆಡಳಿತ ಮಂಡಳಿಗೆ ಧೈರ್ಯವಾಗಿ ಹೇಳಬಹುದು.

ಮೊದಲ ತಿಂಗಳು ಮಕ್ಕಳಿಂದಲೇ ದೂರು ಬರಬಹುದು: ಸರ್ ಪಾಠ ಮಾಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಹಾರ್ವರ್ಡಿನಲ್ಲೇ 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಹೀಗೇ ಆಗಿತ್ತು. ಚರ್ಚಿಸಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ, ತಾವು ಕಡಿಮೆ ಕಲಿತೆವು ಎಂದೇ ಅವರಿಗೆ ಅನ್ನಿಸಿತ್ತು. ಸೊಗಸಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದ ಭಾವನೆ. ಆದ್ದರಿಂದ ಹೀಗೆ ಯಾಕೆ ಕಲಿಸುತ್ತಿದ್ದೇನೆ ಎಂದು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ, ಒಂದು ಪಾಠ ಮುಗಿದ ಕೂಡಲೇ ಕಿರುಪರೀಕ್ಷೆ ಕೊಟ್ಟು ಅಂಕಗಳನ್ನು ಅವರ ಮುಂದೆಯೇ ಇಡಿ.