ಪದ ಪರಿಚಯ: ಮೋಡದ ಬೀಜಕಣ

ನೀರಾವಿ ಹನಿಗಟ್ಟಲು ಆಸರೆಯಾಗುವ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣವೇ ಮೋಡದ ಬೀಜಕಣ. ಅದು ಸಮುದ್ರದ ಉಪ್ಪಾಗಿರಬಹುದು, ಗಂಧಕದ ಹೊಗೆಯಿಂದ ಹುಟ್ಟಿದ ಸಲ್ಫೇಟ್ ಆಗಿರಬಹುದು, ಕಾಡ್ಗಿಚ್ಚಿನ ಹೊಗೆಯೋ ಮರುಭೂಮಿಯ ಧೂಳೋ ಆಗಿರಬಹುದು. ಬಹುಪಾಲು ಬೀಜಕಣಗಳ ವ್ಯಾಸ 0.05ರಿಂದ 0.2 ಮೈಕ್ರಾನ್ ಆಸುಪಾಸು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅವುಗಳ ಮೇಲೆ ಬೆಳೆಯುವ ಮೋಡದ ಹನಿ 10–20 ಮೈಕ್ರಾನ್, ನೆಲಕ್ಕೆ ಬೀಳುವ ಮಳೆಹನಿ ಸುಮಾರು 2 ಮಿಲಿಮೀಟರ್. ಅಂದರೆ 20 ಮೈಕ್ರಾನಿನ ಹತ್ತು ಲಕ್ಷ ಮೋಡಹನಿ ಕೂಡಿದರೆ ಒಂದು ಮಳೆಹನಿ.

‘ಬೀಜ’ ಎಂಬ ಹೆಸರು ಚೆನ್ನಾಗಿಯೇ ಒಪ್ಪುತ್ತದೆ, ಆದರೆ ಒಂದು ಕಡೆ ದಾರಿ ತಪ್ಪಿಸುತ್ತದೆ. ಬೀಜ ಹೆಚ್ಚಾದಷ್ಟೂ ಫಸಲು ಹೆಚ್ಚು ಎಂಬ ಲೆಕ್ಕ ಮೋಡದಲ್ಲಿ ನಡೆಯುವುದಿಲ್ಲ. ಒತ್ತಾಗಿ ಚೆಲ್ಲಿದ ಪೈರು ಸೊರಗುವಂತೆ ಮೋಡದ ಹನಿಯೂ ಸೊರಗುತ್ತದೆ. ಎತ್ತರದ ಪರ್ವತಗಳ ಮೇಲೆ ಈ ಸೊರಗುವಿಕೆಯ ಬೆಲೆ ಹೆಚ್ಚು. ಅಲ್ಲಿ ಮೋಡಕ್ಕೆ ಸಿಗುವ ಸಮಯವೇ ಕಡಿಮೆ.

ಮೊದಲು, ಕಣ ಯಾಕೆ ಬೇಕು? 1880ರಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕಿನ್ ಎರಡು ಗಾಜಿನ ಪಾತ್ರೆಗಳಿಗೆ ಹಬೆ ಬಿಟ್ಟು ಇದನ್ನು ತೋರಿಸಿದರು. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿ. ಮೊದಲನೆಯದರಲ್ಲಿ ದಟ್ಟ ಮಂಜು ಕವಿಯಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ಕಾರಣ ಹನಿಯ ಬಾಗಿದ ಮೈಯಲ್ಲಿದೆ. ಹನಿ ಚಿಕ್ಕದಾದಷ್ಟೂ ಅದರ ಮೈ ಹೆಚ್ಚು ಬಾಗಿರುತ್ತದೆ, ನೀರಿನ ಅಣುಗಳು ಅಲ್ಲಿಂದ ಸುಲಭವಾಗಿ ಹಾರಿಹೋಗುತ್ತವೆ. ಹಾಗಾಗಿ ಕಣವಿಲ್ಲದ ಗಾಳಿಯಲ್ಲಿ ಆವಿ ತಾನಾಗಿ ಹನಿಗಟ್ಟಬೇಕಾದರೆ ಸಾಪೇಕ್ಷ ಆರ್ದ್ರತೆ (ಆ ತಾಪದಲ್ಲಿ ಗಾಳಿ ಸಾಮಾನ್ಯವಾಗಿ ಹಿಡಿದಿಡುವ ಆವಿಗೆ ಹೋಲಿಸಿದರೆ ಇರುವ ಆವಿಯ ಪ್ರಮಾಣ) ಶೇ. 100 ಸಾಲದು, ಹಲವು ನೂರು ಬೇಕು. ನಿಜದ ಮೋಡಗಳಲ್ಲಿ ಅದು ಶೇ. 101 ದಾಟುವುದೇ ಅಪರೂಪ. ಕಣ ಎರಡು ರೀತಿಯಲ್ಲಿ ನೆರವಾಗುತ್ತದೆ: ಹನಿಗೆ ಮೊದಲೇ ಒಂದಿಷ್ಟು ಗಾತ್ರ ಕೊಡುತ್ತದೆ, ಕರಗುವ ಉಪ್ಪಾದರೆ ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈ ಎರಡನ್ನೂ ಒಂದೇ ಸಮೀಕರಣಕ್ಕೆ ತಂದವರು ಸ್ವೀಡನ್ನಿನ ಹಿಲ್ಡಿಂಗ್ ಕೋಹ್ಲರ್. 1936ರ ಅವರ ಲೇಖನ ಇಂದಿಗೂ ಈ ವಿಷಯದ ಬುನಾದಿ. ಅದರ ಪ್ರಕಾರ 0.1 ಮೈಕ್ರಾನ್ ವ್ಯಾಸದ ಅಮೋನಿಯಂ ಸಲ್ಫೇಟ್ ಕಣ ಹನಿಯಾಗಿ ಬೆಳೆಯಲು ಆರ್ದ್ರತೆ ನೂರನ್ನು ಶೇ. 0.15ರಷ್ಟು ಮೀರಿದರೆ ಸಾಕು. ಅದರ ಅರ್ಧ ವ್ಯಾಸದ ಕಣಕ್ಕೆ ಶೇ. 0.4ರಷ್ಟು ಬೇಕು. ಹೀಗೆ ನೂರನ್ನು ಮೀರಿದ ಪಾಲಿಗೆ ಅತಿಸಂತೃಪ್ತತೆ ಎಂದು ಹೆಸರು. ತೇಲುವ ಕಣಗಳೆಲ್ಲ ಬೀಜಕಣಗಳಲ್ಲ. ಆ ಹೊತ್ತಿನ ಅತಿಸಂತೃಪ್ತತೆಗೆ ದಕ್ಕಿದವು ಮಾತ್ರ ಬೀಜಕಣಗಳು.

ಪರ್ವತ ಪಾತ್ರ ವಹಿಸುವುದು ಇಲ್ಲಿಂದ. ಇಳಿಜಾರಿಗೆ ಬಡಿದ ಗಾಳಿ ಮೇಲೇರಲೇಬೇಕು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಹತ್ತಕ್ಕೆ ಒಂದರ ಏರನ್ನು ಹತ್ತಿದರೆ, ಸೆಕೆಂಡಿಗೆ 1 ಮೀಟರ್‌ನಂತೆ ಮೇಲೇರುತ್ತದೆ. ಏರು ಕಡಿದಾದಷ್ಟೂ ಗಾಳಿ ಬೇಗ ತಣಿಯುತ್ತದೆ, ಅತಿಸಂತೃಪ್ತತೆ ಹೆಚ್ಚುತ್ತದೆ, ಇನ್ನೂ ಸಣ್ಣ ಕಣಗಳಿಗೂ ಹನಿಯಾಗುವ ಅವಕಾಶ ಸಿಗುತ್ತದೆ. ಸುಮಾರು 3,580 ಮೀಟರ್ ಎತ್ತರದಲ್ಲಿರುವ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್ ವೀಕ್ಷಣಾಲಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವಾಯವ್ಯದ ಕಡಿದಾದ ಗೋಡೆ ಹತ್ತಿ ಬಂದ ಗಾಳಿಯ ಅತಿಸಂತೃಪ್ತತೆ, ಆಗ್ನೇಯದ ಅಲೆಚ್ ಹಿಮನದಿಯ ನಿಧಾನದ ಏರಿನಲ್ಲಿ ಬಂದ ಗಾಳಿಯದಕ್ಕಿಂತ ಹೆಚ್ಚು. ಶಿಖರ ಒಂದೇ, ಗಾಳಿ ಬಂದ ದಿಕ್ಕು ಬದಲಾದರೆ ಮೋಡವೂ ಬೇರೆ.

ಈಗ ಹಂಚಿಕೆಯ ಲೆಕ್ಕ. ಒಂದು ಘನ ಮೀಟರ್ ಮೋಡದಲ್ಲಿ ಅರ್ಧ ಗ್ರಾಂ ದ್ರವನೀರು ಇದೆ ಅಂದುಕೊಳ್ಳಿ. ಶುದ್ಧ ಗಾಳಿಯಲ್ಲಿ ಘನ ಸೆಂಟಿಮೀಟರಿಗೆ 100 ಹನಿಗಳಾದರೆ ಪ್ರತಿ ಹನಿಯ ವ್ಯಾಸ ಸುಮಾರು 21 ಮೈಕ್ರಾನ್. ಹೊಗೆ ಬೆರೆತ ಗಾಳಿಯಲ್ಲಿ ಅದೇ ನೀರನ್ನು 1,000 ಹನಿಗಳು ಹಂಚಿಕೊಂಡರೆ ವ್ಯಾಸ 10 ಮೈಕ್ರಾನಿಗೆ ಇಳಿಯುತ್ತದೆ. ಇಂಥ ಮೋಡ ಹೆಚ್ಚು ಬೆಳ್ಳಗೆ ಕಾಣುತ್ತದೆ, ಬಿಸಿಲನ್ನು ಹೆಚ್ಚು ಹಿಂದಕ್ಕೆ ಚೆಲ್ಲುತ್ತದೆ. 1970ರ ದಶಕದಲ್ಲಿ ಷಾನ್ ಟೂಮಿ ವಿವರಿಸಿದ್ದರಿಂದ ಇದನ್ನು ಟೂಮಿ ಪರಿಣಾಮ ಎನ್ನುತ್ತಾರೆ. ಬೆಳ್ಳಗಾಗುವುದು ಹಾಗಿರಲಿ, ಪರ್ವತದ ನೀರಿನ ಮಟ್ಟಿಗೆ ಮುಖ್ಯವಾದದ್ದು ಬೇರೆ. ಇಷ್ಟು ಸಣ್ಣ ಹನಿಗಳು ಒಂದಕ್ಕೊಂದು ಡಿಕ್ಕಿಯಾಗಿ ಕೂಡಿಕೊಳ್ಳುವುದಿಲ್ಲ. ಗಾಳಿಯ ಜೊತೆಗೇ ಪಕ್ಕಕ್ಕೆ ಜಾರಿಬಿಡುತ್ತವೆ.

ಬೀಳುವ ಹಿಮದ ವಿಷಯದಲ್ಲೂ ಅದೇ ಕಥೆ. ಎತ್ತರದ ಮೋಡಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದ ಅತಿಶೀತಲ ಹನಿಗಳಿರುತ್ತವೆ. ಮೇಲಿನಿಂದ ಬೀಳುವ ಹಿಮಹರಳು ಅವನ್ನು ತಾಗಿದರೆ ಹನಿಗಳು ಅಲ್ಲೇ ಹೆಪ್ಪುಗಟ್ಟಿ ಹರಳಿಗೆ ಅಂಟಿಕೊಳ್ಳುತ್ತವೆ, ಹರಳು ತೂಕ ಏರಿಸಿಕೊಳ್ಳುತ್ತದೆ. 10 ಮೈಕ್ರಾನಿಗಿಂತ ಸಣ್ಣ ಹನಿಗಳಾದರೆ ಈ ಅಂಟುವಿಕೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಇದರ ಫಲ ನೆಲದ ಮೇಲೆ ಎಷ್ಟು ದೂರಕ್ಕೆ ಚಾಚುತ್ತದೆ ನೋಡಿ. ಅಂಟು ಹತ್ತಿದ ಹರಳು ಸೆಕೆಂಡಿಗೆ 2 ಮೀಟರ್‌ನಂತೆ ಬೀಳುತ್ತದೆ, ಬರಿಯ ಹರಳು 1 ಮೀಟರ್‌ನಂತೆ. ಎರಡೂ 2,000 ಮೀಟರ್ ಮೇಲಿನಿಂದ ಹೊರಟವು, ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಎನ್ನೋಣ. ಮೊದಲನೆಯದು 10 ಕಿಲೋಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ಎರಡನೆಯದು 20 ಕಿಲೋಮೀಟರ್ ದೂರದಲ್ಲಿ. ನಡುವೆ ಏಣು ಇದ್ದರೆ ಹಿಮ ಬೀಳುವ ನದಿಕೊಳ್ಳವೇ ಬೇರೆ! ಅಷ್ಟೇ ಅಲ್ಲ, ಏಣಿನಾಚೆ ಗಾಳಿ ಇಳಿಯುತ್ತಾ ಬಿಸಿಯಾಗುವುದರಿಂದ ಒಂದಿಷ್ಟು ದಾರಿಯಲ್ಲೇ ಆವಿಯಾಗಿ ಹೋಗುತ್ತದೆ.

ಕೊಲರಾಡೋದ ಸ್ಟಾರ್ಮ್ ಪೀಕ್ ಪ್ರಯೋಗಾಲಯದಲ್ಲಿ ಮಾಡಿದ ಅಳತೆಗಳು ಇದನ್ನೇ ಹೇಳಿದವು: ಸಲ್ಫೇಟ್ ಹೆಚ್ಚಿದ್ದಾಗ ಹನಿಗಳು ಸಣ್ಣ, ಹಿಮಕ್ಕೆ ಅಂಟಿದ ನೀರು ಕಡಿಮೆ. ಚೀನಾದ ಶಿಯಾನ್ ಬಳಿಯ ಹುವಾ ಪರ್ವತದ ದಾಖಲೆಗಳನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಿಖರದಲ್ಲಿ ಕಣ್ಣಿಗೆ 8 ಕಿಲೋಮೀಟರಿಗಿಂತ ಆಚೆ ಕಾಣದಷ್ಟು ಮಬ್ಬಿದ್ದ ದಿನಗಳಲ್ಲಿ ಬೆಟ್ಟದ ಮಳೆ ಶೇ. 30–50ರಷ್ಟು ತಗ್ಗಬಹುದು. ಆದರೆ ಇದನ್ನು ಎಲ್ಲ ಪರ್ವತಗಳಿಗೂ ಹೊಂದಿಸುವುದು ತಪ್ಪು. ಅಗಲವಾದ ಪರ್ವತಸಾಲಿನಲ್ಲಿ ಹನಿಗಳಿಗೆ ಬೆಳೆಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ತಡವಾಗಿ ಸುರಿದರೂ ಅದೇ ಇಳಿಜಾರಿನಲ್ಲಿ ಸುರಿಯುತ್ತದೆ. ಕಿರಿದಾದ ಸಾಲಿಗೇ ಹೊಡೆತ ಹೆಚ್ಚು.

ಇನ್ನೊಂದು ಜಾತಿಯ ಬೀಜವಿದೆ: ಹಿಮಬೀಜಕಣ. ಹನಿಯನ್ನು ಹೆಪ್ಪುಗಟ್ಟಿಸುವುದು ಇದರ ಕೆಲಸ. ಇದಿಲ್ಲದಿದ್ದರೆ ಮೋಡದ ಹನಿ ಸುಮಾರು −38 ಡಿಗ್ರಿವರೆಗೂ ದ್ರವವಾಗಿಯೇ ಇರಬಲ್ಲದು. ಇವು ಬಹಳ ವಿರಳ. −20 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿಗೆ ಒಂದರ ಆಸುಪಾಸು ಸಿಕ್ಕೀತು. ಅದೇ ಲೀಟರಿನಲ್ಲಿ ಹನಿಯ ಬೀಜಕಣಗಳು ಲಕ್ಷಗಟ್ಟಲೆ ಇರುತ್ತವೆ. ಮರುಭೂಮಿಯ ಧೂಳು, ಅದರಲ್ಲೂ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಖನಿಜ, ಸುಮಾರು −15 ಡಿಗ್ರಿಗಿಂತ ಕೆಳಗೆ ಚುರುಕು. ಸ್ಯೂಡೋಮೊನಾಸ್ ಸಿರಿಂಜೆ ಎಂಬ ಎಲೆಬ್ಯಾಕ್ಟೀರಿಯಾದ ಕೆಲವು ತಳಿಗಳು −2ರಿಂದ −5 ಡಿಗ್ರಿಯಲ್ಲೇ ಹೆಪ್ಪುಗಟ್ಟಿಸಬಲ್ಲವು. ವಿರಳವಾದರೂ ಪ್ರಭಾವ ದೊಡ್ಡದು. ನೀರಿನ ಮಟ್ಟಿಗೆ ಸಂತೃಪ್ತವಾದ (ಆರ್ದ್ರತೆ ಸರಿಯಾಗಿ ನೂರಿರುವ) ಗಾಳಿ −15 ಡಿಗ್ರಿಯಲ್ಲಿ ಮಂಜುಗಡ್ಡೆಯ ಮಟ್ಟಿಗೆ ಸುಮಾರು ಶೇ. 15ರಷ್ಟು ಅತಿಸಂತೃಪ್ತ. ಹಾಗಾಗಿ ಒಂದು ಹರಳು ಹುಟ್ಟಿತೆಂದರೆ ಸುತ್ತಲಿನ ಹನಿಗಳು ಒಣಗುತ್ತಾ ಅದನ್ನು ಬೆಳೆಸುತ್ತವೆ. ಧೂಳು ಈ ಬಗೆಯಲ್ಲಿ ಹಿಮಪಾತವನ್ನು ಚುರುಕುಗೊಳಿಸಬಲ್ಲದು, ಸಲ್ಫೇಟ್ ತಡೆಯಬಲ್ಲದು. ‘ಕಣ ಹೆಚ್ಚಾದರೆ ಮಳೆ ಏನಾಗುತ್ತದೆ?’ ಎಂದು ಕೇಳಿದವರಿಗೆ ‘ಯಾವ ಕಣ, ಎಷ್ಟು ಡಿಗ್ರಿಯಲ್ಲಿ?’ ಎಂದು ಮರುಪ್ರಶ್ನೆ ಹಾಕದೆ ವಿಧಿಯಿಲ್ಲ.

ಅಷ್ಟು ಎತ್ತರಕ್ಕೆ ಕಣ ಬರುವುದು ಎಲ್ಲಿಂದ? ಹಗಲಿನಲ್ಲಿ ಬಿಸಿಲು ಕಾದ ಇಳಿಜಾರು ಕಣಿವೆಯ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ; ರಾತ್ರಿ ಗಾಳಿ ಕೆಳಮುಖವಾಗಿ, ಮೇಲಿನ ಶುದ್ಧ ಗಾಳಿ ಇಳಿದುಬರುತ್ತದೆ. ಎವರೆಸ್ಟ್ ಬಳಿ 5,079 ಮೀಟರ್ ಎತ್ತರದ ಪಿರಮಿಡ್ ಸಂಶೋಧನಾ ಕೇಂದ್ರದಲ್ಲೂ ಮುಂಗಾರಿಗೆ ಮುಂಚಿನ ತಿಂಗಳುಗಳ ಮಧ್ಯಾಹ್ನ ಬಯಲಿನ ಮಸಿ ಬಂದು ಮುಟ್ಟುತ್ತದೆ. ಕೆಲವು ಕಣಗಳು ಅಲ್ಲೇ ಹುಟ್ಟುತ್ತವೆ. ಬೊಲಿವಿಯಾದ ಚಕಲ್ತಾಯದಲ್ಲಿ, 5,240 ಮೀಟರ್ ಎತ್ತರದಲ್ಲಿ, ಅನಿಲದಿಂದ ಹೊಸ ಕಣ ಮೂಡುವುದು ಆಗಾಗ ಕಾಣುವ ಸಂಗತಿ.

ಅಳೆಯುವಾಗ ಎಡವುವ ಜಾಗಗಳೂ ಎತ್ತರಕ್ಕೆ ಸಂಬಂಧಪಟ್ಟವೇ. ಬೀಜಕಣ ಎಣಿಸುವ ಯಂತ್ರ ಒದ್ದೆ ಗೋಡೆಯ ಕೊಳವೆಯೊಂದರಲ್ಲಿ ತಾಪದ ವ್ಯತ್ಯಾಸ ಇಟ್ಟು ಗೊತ್ತಾದ ಅತಿಸಂತೃಪ್ತತೆ ಸೃಷ್ಟಿಸುತ್ತದೆ. ಹನಿಯಾದ ಕಣಗಳನ್ನು ಬೆಳಕಿನಿಂದ ಎಣಿಸುತ್ತದೆ. ಒತ್ತಡ ಇಳಿದರೆ ಅದೇ ತಾಪವ್ಯತ್ಯಾಸಕ್ಕೆ ಅತಿಸಂತೃಪ್ತತೆಯೂ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಸರಿಹೊಂದಿಸಿದ ಯಂತ್ರವನ್ನು ಹಾಗೇ ಶಿಖರಕ್ಕೊಯ್ದರೆ ಬೀಜಕಣಗಳು ಕಡಿಮೆ ಎಂಬ ಸುಳ್ಳು ಉತ್ತರ ಬರುತ್ತದೆ. ಗಾತ್ರ ಗೊತ್ತಿರುವ ಅಮೋನಿಯಂ ಸಲ್ಫೇಟ್ ಕಣ ಬಿಟ್ಟು ಅಲ್ಲಿಯೇ ಮತ್ತೆ ಸರಿಹೊಂದಿಸಬೇಕು. ಎರಡನೆಯದು ಏಕಮಾನ. 655 ಹೆಕ್ಟೊಪಾಸ್ಕಲ್ ಒತ್ತಡ, −10 ಡಿಗ್ರಿಯಲ್ಲಿ ಘನ ಸೆಂಟಿಮೀಟರಿಗೆ 500 ಕಣ ಎಂದರೆ, ಸೊನ್ನೆ ಡಿಗ್ರಿ ಮತ್ತು ಸಮುದ್ರಮಟ್ಟದ ಒತ್ತಡಕ್ಕೆ ಪರಿವರ್ತಿಸಿದಾಗ ಸುಮಾರು 745. ಇದನ್ನು ಗಮನಿಸದೆ ಎರಡು ಕೇಂದ್ರಗಳನ್ನು ಹೋಲಿಸಿದ ಪಟ್ಟಿ ಕಸದ ಬುಟ್ಟಿಗೆ ಲಾಯಕ್ಕು. ಗಾಳಿ ಎಳೆಯುವ ಕೊಳವೆಬಾಯಿಗೆ ಮೋಡದ ಹನಿಗಳು ಹೆಪ್ಪುಗಟ್ಟಿ ಅಂಟಿ ಹರಿವು ಕುಗ್ಗುವುದು ಮಾಮೂಲಿ ಕಾಟ. ಅದಕ್ಕೇ ಬಾಯಿಯನ್ನು ಬಿಸಿ ಮಾಡಿ ಇಡುತ್ತಾರೆ.

ಕೊನೆಗೆ, ‘ಮೋಡ ಬಿತ್ತನೆ’ಯ ಗೊಂದಲ. ವಿಮಾನದಿಂದ ಉರಿಸುವ ಸಿಲ್ವರ್ ಅಯೊಡೈಡ್ ಹಿಮಬೀಜಕಣದ ಜಾತಿಯದು. ಅತಿಶೀತಲ ನೀರಿಲ್ಲದ ಬೆಚ್ಚನೆಯ ಮೋಡದಲ್ಲಿ ಅದರಿಂದ ಹರಳು ಹುಟ್ಟದು, ಅಲ್ಲಿ ಬಳಸುವುದು ನೀರೆಳೆಯುವ ಉಪ್ಪು. 2017ರಲ್ಲಿ ಅಮೆರಿಕದ ಐಡಾಹೋ ಪರ್ವತಗಳ ಮೇಲೆ ನಡೆದ ಸ್ನೋವಿ ಪ್ರಯೋಗದಲ್ಲಿ ವಿಮಾನ ಅಂಕುಡೊಂಕಾಗಿ ಸಾಗಿದ ದಾರಿಯಲ್ಲೇ ಹಿಮದ ಗೆರೆಗಳು ಮೂಡಿದ್ದನ್ನು ರೇಡಾರ್ ಹಿಡಿಯಿತು. ಅಷ್ಟು ಸ್ಪಷ್ಟವಾಗಿ ಕಂಡದ್ದು, ಆ ಮೋಡಗಳಲ್ಲಿ ಅತಿಶೀತಲ ನೀರು ಧಾರಾಳವಾಗಿ, ಸ್ವಾಭಾವಿಕ ಹರಳು ಕಡಿಮೆಯಾಗಿ ಇದ್ದುದರಿಂದ. ಹರಳುಗಳು ಮೊದಲೇ ತುಂಬಿರುವ ಮೋಡಕ್ಕೆ ಬಿತ್ತಿದರೆ ಹೊಸದಾಗಿ ಏನೂ ಮೊಳೆಯುವುದಿಲ್ಲ.