ಹಳೇ ಸಮುದ್ರದ ಗೊಬ್ಬರ ಎಲ್ಲಿಗೆ ಹೋಯ್ತು?

ಕಾರ್ಕಳದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಅಲ್ಲಿನ ಬೋರ್‌ವೆಲ್ ನೀರು ಪಂಪ್ ಹಾಕಿದಾಗ ತಿಳಿಯಾಗೇ ಬರುತ್ತದೆ. ಅದನ್ನೇ ರಾತ್ರಿ ಬಕೆಟಿನಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ಮೇಲೊಂದು ತೆಳು ಪೊರೆ, ನೀರೆಲ್ಲ ಹಳದಿ, ತಳದಲ್ಲಿ ಬೆರಳಿಗೆ ಅಂಟುವ ಕೆಂಪು ಕೆಸರು. "ಬಿಳಿ ಬಟ್ಟೆ ಇದಕ್ಕೆ ಹಾಕ್ಬೇಡ ಮಗಾ" ಅಂತ ದೊಡ್ಡಮ್ಮ ಪ್ರತಿ ಸಲ ಹೇಳುತ್ತಾರೆ.

ನೆಲದಡಿಯ ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಕಬ್ಬಿಣ ಕರಗಿಕೊಂಡೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿತೋ, ತುಕ್ಕಾಗಿ ತಳ ಸೇರುತ್ತದೆ. ಭೂಮಿಯ ಮೊದಲ ಅರ್ಧ ಆಯುಷ್ಯದಲ್ಲಿ ಇಡೀ ಸಮುದ್ರವೇ ಈ ಬೋರ್‌ವೆಲ್ ನೀರಿನ ಹಾಗಿತ್ತು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳಿಂದ ಕಬ್ಬಿಣ ಬಂದು ಸೇರುತ್ತಲೇ ಇತ್ತು. ಲೀಟರಿಗೆ ಕೆಲವು ಮಿಲಿಗ್ರಾಂ ಇದ್ದಿರಬೇಕು ಅನ್ನುತ್ತಾರೆ. ಇವತ್ತಿನ ನಡುಸಮುದ್ರದ ಒಂದು ಲೀಟರಿನಲ್ಲಿ ಗ್ರಾಮಿನ ಕೋಟಿಯಲ್ಲೊಂದು ಪಾಲೂ ಸಿಗುವುದಿಲ್ಲ!

ಆ ಕಬ್ಬಿಣವನ್ನು ನಾವೆಲ್ಲ ನೋಡಿದ್ದೇವೆ. ಕುದುರೆಮುಖದ ಅದಿರು ಅದೇ. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಅದು ಪುಡಿಯಾಗಿ, ನೀರಿನೊಂದಿಗೆ ಪೈಪಿನಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. 250 ಕೋಟಿ ವರ್ಷಕ್ಕಿಂತ ಹಿಂದೆ ಸಮುದ್ರದಡಿ ಪದರ ಪದರವಾಗಿ ಕೂತ ಕಬ್ಬಿಣದ ಕೆಸರು, ಆಮೇಲೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲಾಯಿತು. ಒಂದು ತುಂಡು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ಒಂದು ಗೆರೆ ಕಪ್ಪು ಕಬ್ಬಿಣ, ಪಕ್ಕದ್ದು ಬೂದು ಬಣ್ಣದ ಸಿಲಿಕಾ (ಮರಳಿನಲ್ಲಿರುವ ವಸ್ತು), ಮತ್ತೆ ಕಪ್ಪು. ಗಾಳಿಯಲ್ಲೇ ಆಮ್ಲಜನಕ ಇಲ್ಲದಾಗ ತುಕ್ಕು ಹೇಗೆ ಬಂತು? ಬಿಸಿಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ಸುತ್ತಲಿನ ನೀರಿಗೆ ಒಂದಿಷ್ಟು ಆಮ್ಲಜನಕ ಬಿಟ್ಟಿರಬಹುದು, ಅಥವಾ ಕರಗಿದ ಕಬ್ಬಿಣವನ್ನೇ ನೇರವಾಗಿ ಬಳಸಿ ತುಕ್ಕು ಮಾಡಿರಬಹುದು. ಹಾಗೆ ಬದುಕುವ ಬ್ಯಾಕ್ಟೀರಿಯಾ ಈಗಲೂ ಇವೆ.

ನನಗೆ ಕುತೂಹಲ ಇರುವುದು ಕಬ್ಬಿಣದ ಬಗ್ಗೆ ಅಲ್ಲ, ಅದು ತನ್ನ ಜೊತೆ ಏನನ್ನು ಎಳೆದುಕೊಂಡು ಹೋಯಿತು ಅನ್ನುವುದರ ಬಗ್ಗೆ. ತುಕ್ಕಿಗೆ ರಂಜಕ (ಫಾಸ್ಫರಸ್) ಅಂದರೆ ಭಾರೀ ಪ್ರೀತಿ, ಸಿಕ್ಕಿದ್ದನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತದೆ. ಇದು ನಮ್ಮ ಕರಾವಳಿಯ ಕೃಷಿಕರಿಗೆ ಚೆನ್ನಾಗಿ ಗೊತ್ತು. ದೊಡ್ಡಪ್ಪ ಅಡಿಕೆ ಬುಡಕ್ಕೆ ಗೊಬ್ಬರ ಹಾಕುವಾಗ ಹೇಳುತ್ತಾರೆ, "ಎಷ್ಟು ಹಾಕಿದ್ರೂ ಈ ಮಣ್ಣೇ ತಿಂತದೆ ಮಾರಾಯ." ನಿಜ. ಮುರಕಲ್ಲಿನ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಬಿಡುವುದು ಸ್ವಲ್ಪವೇ.

ಹಾಗಾದರೆ ತುಕ್ಕಿನ ಮಳೆ ಬೀಳುತ್ತಿದ್ದ ಆ ಸಮುದ್ರದ ಕತೆ ಏನು? ರಂಜಕ ಇಲ್ಲದೆ ಡಿಎನ್‌ಎ ಇಲ್ಲ, ಜೀವಕೋಶದ ಪೊರೆ ಇಲ್ಲ. ಸಾರಜನಕವನ್ನಾದರೂ ಗಾಳಿಯಿಂದ ಹಿಡಿಯುವುದನ್ನು ಸೂಕ್ಷ್ಮಜೀವಿಗಳು ಬಹಳ ಬೇಗ ಕಲಿತಿದ್ದವು. ರಂಜಕ ಹಾಗೆ ಗಾಳಿಯಲ್ಲಿ ಸಿಗುವುದಿಲ್ಲ. ಅದು ಬಂಡೆ ಸವೆದು, ಮಳೆನೀರಿನಲ್ಲಿ ಹರಿದು ಬಂದರೆ ಮಾತ್ರ ಉಂಟು. ಬಂದದ್ದನ್ನೂ ತುಕ್ಕು ತಳಕ್ಕೆ ಒಯ್ದರೆ ಸೂಕ್ಷ್ಮಜೀವಿಗಳು ಬೆಳೆಯುವುದು ನಿಧಾನ, ಆಮ್ಲಜನಕ ಹುಟ್ಟುವುದೂ ನಿಧಾನ. ಗಾಳಿಯಲ್ಲಿ ಆಮ್ಲಜನಕ ನಿಲ್ಲಲು 240 ಕೋಟಿ ವರ್ಷಗಳ ಹಿಂದಿನವರೆಗೆ ಕಾಯಬೇಕಾಯಿತು, ಅದಕ್ಕೆ ಇದೂ ಒಂದು ಕಾರಣ ಅಂತ 2002ರಲ್ಲಿ ಬ್ಯೆರ್ರುಮ್ ಮತ್ತು ಕ್ಯಾನ್‌ಫೀಲ್ಡ್ ಎಂಬ ವಿಜ್ಞಾನಿಗಳು ವಾದಿಸಿದರು.

ಎಲ್ಲರೂ ಒಪ್ಪಲಿಲ್ಲ. ಆಗಿನ ನೀರಿನಲ್ಲಿ ಸಿಲಿಕಾ ಕೂಡ ಜಾಸ್ತಿ ಇತ್ತು, ಕುದುರೆಮುಖದ ಕಲ್ಲಿನ ಬೂದು ಗೆರೆಯೇ ಅದಕ್ಕೆ ಸಾಕ್ಷಿ. ಸಿಲಿಕಾ ಮೊದಲೇ ಹೋಗಿ ತುಕ್ಕಿನ ಮೇಲೆ ಜಾಗ ಹಿಡಿದರೆ ರಂಜಕಕ್ಕೆ ಅಂಟಲು ಜಾಗ ಎಲ್ಲಿ? ನೀರಿನಲ್ಲೇ ಉಳಿಯುತ್ತದೆ ಅಲ್ವಾ? ಈ ವಾದಕ್ಕೂ ಬಲ ಇದೆ. ಆದರೆ ನನಗೆ ಇನ್ನೊಂದು ಮಾತು ಹೆಚ್ಚು ಸರಿ ಕಾಣುತ್ತದೆ: ಬಂದ ರಂಜಕ ಎಷ್ಟು ಅನ್ನುವುದಕ್ಕಿಂತ ಮತ್ತೆ ಮತ್ತೆ ಬಳಕೆಗೆ ಸಿಕ್ಕಿದ್ದು ಎಷ್ಟು ಅನ್ನುವುದು ಮುಖ್ಯ.

ಮಳೆಗಾಲದಲ್ಲಿ ಮಲ್ಪೆಯ ಕಡಲು ನೋಡಿ. ಗಾಳಿ ಬೀಸುವಾಗ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಕೆಳಗಿನ ತಣ್ಣನೆಯ ನೀರು ಮೇಲೆದ್ದು ಬರುತ್ತದೆ. ಸತ್ತು ಮುಳುಗಿದ ಜೀವಿಗಳನ್ನು ಬ್ಯಾಕ್ಟೀರಿಯಾಗಳು ಆಮ್ಲಜನಕ ಬಳಸಿ ಕೊಳೆಸಿ ಬಿಡಿಸಿದ ರಂಜಕ, ಸಾರಜನಕ ಎಲ್ಲ ಆ ನೀರಿನಲ್ಲಿರುತ್ತದೆ. ಅದನ್ನುಂಡು ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಬೆಳೆಯುತ್ತದೆ, ಅದನ್ನು ತಿನ್ನಲು ಬೂತಾಯಿ ಮೀನು ಬರುತ್ತದೆ. ಆ ಹಳೇ ಸಮುದ್ರದಲ್ಲೂ ನೀರು ಮೇಲೇಳುತ್ತಿತ್ತು. ಆದರೆ ಕೊಳೆಸಲು ಆಮ್ಲಜನಕವೂ ಇಲ್ಲ, ಅದರ ಬದಲಿಗೆ ಬರುವ ಸಲ್ಫೇಟೂ ಅಷ್ಟಾಗಿ ಇಲ್ಲ. ಸತ್ತದ್ದರಲ್ಲಿ ಹೆಚ್ಚಿನ ಪಾಲು ರಂಜಕದ ಸಮೇತ ಕೆಸರಿನಲ್ಲೇ ಹೂತುಹೋಗುತ್ತಿತ್ತು.