ಆಲ್‌ಸ್ಟಾರ್ ಪಂದ್ಯ: ಯಾರು ಆಡಬೇಕು, ಯಾತಕ್ಕಾಗಿ ಆಡಬೇಕು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ವರ್ಷ ಜುಲೈ ತಿಂಗಳ ನಡುವೆ, ಋತು ಅರ್ಧ ದಾಟಿದ ಹೊತ್ತಿಗೆ, ಉಳಿದೆಲ್ಲ ಪಂದ್ಯಗಳಿಗೆ ಬಿಡುವು ಕೊಟ್ಟು ಆಡಿಸುವ ಒಂದು ವಿಶೇಷ ಪಂದ್ಯಕ್ಕೆ ಆಲ್‌ಸ್ಟಾರ್ ಗೇಮ್ ಎಂದು ಹೆಸರು. ಅಲ್ಲಿನ 30 ತಂಡಗಳು ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಎಂಬ ಎರಡು ಲೀಗ್‌ಗಳಲ್ಲಿ ಹಂಚಿಕೆಯಾಗಿದ್ದು, ಆ ವರ್ಷ ಒಂದೊಂದು ಲೀಗ್‌ನಿಂದ ಆಯ್ಕೆಯಾದವರು ಒಂದು ತಂಡವಾಗಿ ಎದುರು ಲೀಗ್‌ನವರ ಮೇಲೆ ಆಡುತ್ತಾರೆ. ಇದರ ಸೋಲು ಗೆಲುವು ಯಾವ ತಂಡದ ಅಂಕಪಟ್ಟಿಗೂ ಸೇರುವುದಿಲ್ಲ. ಆದರೆ ‘ಆಲ್‌ಸ್ಟಾರ್’ ಎಂಬ ವಿಶೇಷಣ ಆಟಗಾರನ ಹೆಸರಿನ ಜೊತೆ ಕೊನೆಯವರೆಗೂ ಉಳಿಯುತ್ತದೆ. ಹಲವರ ಒಪ್ಪಂದದಲ್ಲಿ ಆಯ್ಕೆಗೆಂದೇ ಹೆಚ್ಚುವರಿ ಹಣ ಬರೆದಿರುತ್ತದೆ, ನಿವೃತ್ತಿಯ ನಂತರ ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಯೋಗ್ಯನೇ ಎಂಬ ಚರ್ಚೆಯಲ್ಲಿ ಎಷ್ಟು ಬಾರಿ ಆಲ್‌ಸ್ಟಾರ್ ಆಗಿದ್ದ ಎಂಬ ಲೆಕ್ಕ ತಪ್ಪದೆ ಬರುತ್ತದೆ.

ಈ ಪಂದ್ಯದ ಸುತ್ತ ಎರಡು ಜಗಳಗಳು ಹಳೆಯವು. ಆಟಗಾರರನ್ನು ಯಾರು ಆರಿಸಬೇಕು ಎಂಬುದು ಮೊದಲನೆಯದು, ಗೆದ್ದವರಿಗೆ ಏನು ಸಿಗಬೇಕು ಎಂಬುದು ಎರಡನೆಯದು. ಇವನ್ನು ಬೇರೆಬೇರೆಯಾಗಿ ಚರ್ಚಿಸುವುದು ರೂಢಿಯಾದರೂ, ನನ್ನ ದೃಷ್ಟಿಯಲ್ಲಿ ಇವೆರಡೂ ಒಂದೇ ಪ್ರಶ್ನೆ: ಪಂದ್ಯ ಪ್ರದರ್ಶನವಾದರೆ ಜನ ನೋಡಬಯಸುವವರು ಆಡಬೇಕು, ಸ್ಪರ್ಧೆಯಾದರೆ ಗೆಲ್ಲಿಸಬಲ್ಲವರು ಆಡಬೇಕು.

ಹುಟ್ಟಿದ್ದಂತೂ ಪ್ರದರ್ಶನವಾಗಿಯೇ. 1933ರಲ್ಲಿ ಷಿಕಾಗೋದಲ್ಲಿ ವಿಶ್ವಮೇಳ ನಡೆದಾಗ, ಅದರ ಜೊತೆಗೆ ಒಂದು ದೊಡ್ಡ ಪಂದ್ಯವೂ ಇರಲಿ ಎಂದು ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ ಹೂಡಿದ ಯೋಜನೆ ಇದು. ಆ ವರ್ಷದ ಜುಲೈ 6ರಂದು ಕಾಮಿಸ್ಕಿ ಪಾರ್ಕ್‌ನಲ್ಲಿ ಅಮೆರಿಕನ್ ಲೀಗ್ 4-2ರಿಂದ ಗೆದ್ದಿತು, ಮೊದಲ ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಬೇಬ್ ರೂತ್ ಅವರದು. ಪತ್ರಿಕೆಗಳಲ್ಲಿ ಅಚ್ಚಾದ ಮತಪತ್ರದ ಮೂಲಕ ಅಭಿಮಾನಿಗಳು ತಮ್ಮ ಮೆಚ್ಚಿನವರನ್ನು ಸೂಚಿಸಿದ್ದರು. ಕೆಲವೇ ವರ್ಷಗಳಲ್ಲಿ ಆಯ್ಕೆಯ ಅಧಿಕಾರ ತಂಡಗಳ ಮ್ಯಾನೇಜರ್‌ಗಳಿಗೆ ಹೋಯಿತು, 1947ರಲ್ಲಿ ಮತ್ತೆ ಅಭಿಮಾನಿಗಳ ಕೈಗೆ ಬಂತು.

ಮತದಾನದ ದೌರ್ಬಲ್ಯ ಬಯಲಾದದ್ದು 1957ರಲ್ಲಿ. ಸಿನ್ಸಿನಾಟಿಯ ಪತ್ರಿಕೆಯೊಂದು ಸ್ಥಳೀಯ ತಂಡವಾದ ರೆಡ್ಸ್‌ನ ಆಟಗಾರರ ಹೆಸರುಗಳನ್ನು ಮೊದಲೇ ತುಂಬಿದ ಮತಪತ್ರಗಳನ್ನು ಹಂಚಿತು. ಓದುಗರು ಅದನ್ನು ಕಳುಹಿಸಿದರೆ ಸಾಕಿತ್ತು. ಪಿಚರ್‌ಗಳನ್ನು, ಅಂದರೆ ಚೆಂಡೆಸೆಯುವವರನ್ನು, ಬಿಟ್ಟು ನ್ಯಾಷನಲ್ ಲೀಗ್ ಪರ ಮೊದಲ ಸಾಲಿನಲ್ಲಿ ಆಡಬೇಕಾದ ಎಂಟು ಸ್ಥಾನಗಳಲ್ಲಿ ಏಳಕ್ಕೆ ರೆಡ್ಸ್ ಆಟಗಾರರೇ ಆರಿಸಿ ಬಂದರು. ಉಳಿದ ಒಂದೇ ಸ್ಥಾನ ಸೇಂಟ್ ಲೂಯಿಸ್‌ನ ಸ್ಟ್ಯಾನ್ ಮ್ಯೂಸಿಯಲ್ ಅವರಿಗೆ ದಕ್ಕಿತು. ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಫೋರ್ಡ್ ಫ್ರಿಕ್ ನಡುವೆ ಬಂದು, ಗಸ್ ಬೆಲ್ ಮತ್ತು ವಾಲಿ ಪೋಸ್ಟ್ ಅವರನ್ನು ಮೊದಲ ಸಾಲಿನಿಂದ ತೆಗೆದು ವಿಲಿ ಮೇಸ್ ಮತ್ತು ಹ್ಯಾಂಕ್ ಆರನ್ ಅವರನ್ನು ಸೇರಿಸಿದರು. ಮೇಸ್, ಆರನ್ ಅಂಥವರನ್ನು ಹೊರಗಿಡುವ ಮತದಾನವನ್ನು ಸಮರ್ಥಿಸಿಕೊಳ್ಳುವುದು ಯಾರಿಗೂ ಸುಲಭವಿರಲಿಲ್ಲ. ಅಭಿಮಾನಿಗಳ ಹಕ್ಕನ್ನು ಕಿತ್ತುಕೊಂಡು ಆಟಗಾರರು, ಕೋಚ್‌ಗಳು ಮತ್ತು ಮ್ಯಾನೇಜರ್‌ಗಳಿಗೆ ಕೊಡಲಾಯಿತು. ಅದು ಜನರಿಗೆ ಮರಳಿದ್ದು 1970ರಲ್ಲಿ. ಅಂತರ್ಜಾಲ ಬಂದ ಮೇಲೂ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು: 2015ರಲ್ಲಿ ಕನ್ಸಾಸ್ ಸಿಟಿ ರಾಯಲ್ಸ್‌ನ ಎಂಟು ಮಂದಿ ಒಂದು ಹಂತದಲ್ಲಿ ಮುನ್ನಡೆಯಲ್ಲಿದ್ದರು, ಮೇಜರ್ ಲೀಗ್ ಸಂಸ್ಥೆ ಕೋಟಿಗಟ್ಟಲೆ ಮತಗಳನ್ನು ಅಸಿಂಧುಗೊಳಿಸಿತು, ಕೊನೆಗೆ ಆರಿಸಿ ಬಂದವರು ನಾಲ್ವರು.

ಈಗಿನ ಪದ್ಧತಿ ಒಂದು ರಾಜಿ. ಅಭಿಮಾನಿಗಳ ಮತ ಎರಡು ಹಂತಗಳಲ್ಲಿ ನಡೆದು ಮೊದಲ ಸಾಲಿನವರನ್ನು ನಿರ್ಧರಿಸುತ್ತದೆ, ಪಿಚರ್‌ಗಳು ಮತ್ತು ಮೀಸಲು ಆಟಗಾರರನ್ನು ಆಟಗಾರರ ಮತ ಹಾಗೂ ಕಮಿಷನರ್ ಕಚೇರಿ ಆರಿಸುತ್ತವೆ. ಪ್ರತಿ ಲೀಗ್‌ನಿಂದ 32 ಮಂದಿ. ಇದರ ಮೇಲೆ ಇನ್ನೊಂದು ಷರತ್ತಿದೆ: ಎಷ್ಟೇ ಸೋತ ತಂಡವಾದರೂ ಅದರಿಂದ ಒಬ್ಬನಾದರೂ ಆಯ್ಕೆಯಾಗಲೇಬೇಕು. 2006ರಲ್ಲಿ ರಾಯಲ್ಸ್‌ನ ಪಿಚರ್ ಮಾರ್ಕ್ ರೆಡ್‌ಮನ್ ಆಲ್‌ಸ್ಟಾರ್ ಆದದ್ದು ಈ ನಿಯಮದಿಂದ. ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಸರಾಸರಿ ಐದಕ್ಕೂ ಹೆಚ್ಚು ರನ್ ಬಿಟ್ಟುಕೊಡುತ್ತಿದ್ದ ಅವರ ಹೆಸರನ್ನು ಈ ನಿಯಮದ ವಿರೋಧಿಗಳು ಇಂದಿಗೂ ಉದಾಹರಿಸುತ್ತಾರೆ. ಆದರೂ ನಿಯಮ ಇರಲಿ ಎಂಬುದೇ ನನ್ನ ಅಭಿಪ್ರಾಯ. ದೇಶದ ಮೂಲೆಯ ಊರಿನ ಹುಡುಗನೊಬ್ಬ ತನ್ನ ತಂಡದ ಅಂಗಿ ತೊಟ್ಟವನನ್ನು ಆ ಸಾಲಿನಲ್ಲಿ ಕಾಣುವುದು ಪ್ರದರ್ಶನ ಪಂದ್ಯದ ಉದ್ದೇಶಗಳಲ್ಲೊಂದು.

ಪ್ರದರ್ಶನ ಪಂದ್ಯ ಎಂಬ ಮಾತನ್ನೇ ಅಲುಗಾಡಿಸಿದ್ದು 2002ರ ಮಿಲ್ವಾಕೀ ಪಂದ್ಯ. ಎಲ್ಲರಿಗೂ ಆಡುವ ಅವಕಾಶ ಸಿಗಲಿ ಎಂದು ಎರಡೂ ಕಡೆಯ ಮ್ಯಾನೇಜರ್‌ಗಳು ಪಿಚರ್‌ಗಳನ್ನು ಒಬ್ಬರ ನಂತರ ಒಬ್ಬರಂತೆ ಬಳಸಿ ಮುಗಿಸಿದ್ದರು. ಹನ್ನೊಂದು ಇನ್ನಿಂಗ್ಸ್ ಕಳೆದು 7-7 ಆದಾಗ ಚೆಂಡೆಸೆಯಲು ಯಾರೂ ಉಳಿದಿರಲಿಲ್ಲ. ಅದೇ ಊರಿನವರಾದ ಕಮಿಷನರ್ ಬಡ್ ಸೀಲಿಗ್ ತಮ್ಮೂರ ಜನರ ಕೂಗಾಟದ ನಡುವೆ ಎರಡೂ ಕೈ ಚೆಲ್ಲಿ, ಪಂದ್ಯ ಸಮಬಲವೆಂದು ಮುಗಿಸಬೇಕಾಯಿತು. ಆ ಮುಜುಗರಕ್ಕೆ ಪರಿಹಾರವೆಂದು 2003ರಿಂದ ಬಂದ ನಿಯಮವೇ ಇಡೀ ವಿವಾದದ ಕೇಂದ್ರ: ಆಲ್‌ಸ್ಟಾರ್ ಪಂದ್ಯ ಗೆದ್ದ ಲೀಗ್‌ನ ತಂಡಕ್ಕೆ ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗ್‌ಗಳ ವಿಜೇತ ತಂಡಗಳ ನಡುವಿನ ಅಂತಿಮ ಸರಣಿಯಲ್ಲಿ, ತವರು ಅಂಗಳದ ಲಾಭ.

ಈ ಲಾಭ ಸಣ್ಣದಲ್ಲ. ಏಳು ಪಂದ್ಯಗಳ ಸರಣಿಯಲ್ಲಿ ಮೊದಲಿನ ಎರಡು, ಕೊನೆಯ ಎರಡು ಪಂದ್ಯಗಳು ಅಂಥ ತಂಡದ ಊರಿನಲ್ಲಿ ನಡೆಯುತ್ತವೆ, ತವರು ತಂಡ ಪ್ರತಿ ಇನ್ನಿಂಗ್ಸ್‌ನಲ್ಲಿ ಕೊನೆಗೆ ಬ್ಯಾಟ್ ಮಾಡುತ್ತದೆ. ಆ ಕಾಲಕ್ಕೆ ಎರಡು ಲೀಗ್‌ಗಳ ನಿಯಮವೂ ಒಂದೇ ಆಗಿರಲಿಲ್ಲ. ಅಮೆರಿಕನ್ ಲೀಗ್‌ನ ಅಂಗಳದಲ್ಲಿ ಪಿಚರ್ ಬದಲಿಗೆ ಬ್ಯಾಟಿಂಗ್‌ಗೆಂದೇ ಒಬ್ಬ ಆಟಗಾರ ಇರುತ್ತಿದ್ದ, ನ್ಯಾಷನಲ್ ಲೀಗ್‌ನಲ್ಲಿ ಪಿಚರ್ ತಾನೇ ಬ್ಯಾಟ್ ಹಿಡಿಯಬೇಕಿತ್ತು. ಹೀಗಾಗಿ ಅಂಗಳದ ಜೊತೆ ನಿಯಮವೂ ಬರುತ್ತಿತ್ತು. ಆದರೆ ಪಂದ್ಯಕ್ಕೆ ಇಷ್ಟು ತೂಕ ಕಟ್ಟಿದ ಸಂಸ್ಥೆ ಆಯ್ಕೆಯನ್ನು ಮಾತ್ರ ಮೊದಲಿನಂತೆ ಜನಮತಕ್ಕೂ ‘ತಂಡಕ್ಕೊಬ್ಬ’ ನಿಯಮಕ್ಕೂ ಬಿಟ್ಟಿತು. ಮ್ಯಾನೇಜರ್‌ಗಳು ಎಂದಿನಂತೆ ಉತ್ತಮ ಬ್ಯಾಟರ್‌ಗಳನ್ನು ಕೆಲವು ಇನ್ನಿಂಗ್ಸ್ ಆಡಿಸಿ ಹೊರಗೆ ಕೂರಿಸುತ್ತಲೇ ಇದ್ದರು.

2011 ಇದಕ್ಕೆ ತಕ್ಕ ಸಾಕ್ಷಿ. ಫೀನಿಕ್ಸ್‌ನಲ್ಲಿ ನಡೆದ ಆ ಪಂದ್ಯಕ್ಕೆ ಅಭಿಮಾನಿಗಳು ಆರಿಸಿದ್ದ ಡೆರೆಕ್ ಜೀಟರ್ ಬರಲೇ ಇಲ್ಲ. ಕೆಲವೇ ದಿನಗಳ ಹಿಂದೆ ವೃತ್ತಿಜೀವನದ 3,000ನೇ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಪೂರೈಸಿದ್ದ ಅವರು ವಿಶ್ರಾಂತಿ ಪಡೆದರು. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಅಮೆರಿಕನ್ ಲೀಗ್ ಪರ ಎಸೆಯಲು ಬಂದವರು ಟೆಕ್ಸಸ್ ರೇಂಜರ್ಸ್‌ನ ಸಿ.ಜೆ. ವಿಲ್ಸನ್. ನ್ಯಾಷನಲ್ ಲೀಗ್‌ನ ಪ್ರಿನ್ಸ್ ಫೀಲ್ಡರ್, ವಿಲ್ಸನ್ ಎಸೆದ ಚೆಂಡನ್ನು ಮೂರು ರನ್‌ಗಳ ಹೋಮ್ ರನ್ ಆಗಿಸಿದರು, ನ್ಯಾಷನಲ್ ಲೀಗ್ 5-1ರಿಂದ ಗೆದ್ದಿತು. ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್ ತಲುಪಿದ್ದು ವಿಲ್ಸನ್ ಅವರ ರೇಂಜರ್ಸ್ ತಂಡವೇ. ಋತುವಿನಲ್ಲಿ 96 ಪಂದ್ಯ ಗೆದ್ದಿದ್ದ ಅದು, 90 ಗೆದ್ದಿದ್ದ ನ್ಯಾಷನಲ್ ಲೀಗ್‌ನ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಅಂಗಳದಲ್ಲಿ ಆರನೇ ಮತ್ತು ಏಳನೇ ಪಂದ್ಯ ಆಡಿತು. ಆರನೆಯದರಲ್ಲಿ ಎರಡು ಸಲ ಪ್ರಶಸ್ತಿಗೆ ಒಂದೇ ಸ್ಟ್ರೈಕ್ (ಬ್ಯಾಟರ್ ಹೊಡೆಯಲಾಗದ ಒಂದು ಎಸೆತ) ದೂರಕ್ಕೆ ಬಂದು ಎರಡು ಸಲವೂ ಕೈತಪ್ಪಿಸಿಕೊಂಡಿತು, ಏಳನೆಯದರಲ್ಲಿ ಸೋತಿತು. ಜುಲೈನ ಒಂದು ಎಸೆತವೇ ಇದಕ್ಕೆ ಕಾರಣ ಎನ್ನುವುದು ಅತಿಯಾದೀತು. 2003ರಿಂದ 2016ರವರೆಗಿನ ಹದಿನಾಲ್ಕು ಸರಣಿಗಳಲ್ಲಿ ಈ ಲಾಭ ಪಡೆದ ತಂಡ ಗೆದ್ದದ್ದು ಒಂಬತ್ತನ್ನು. 2016ರಲ್ಲಿ 103 ಪಂದ್ಯ ಗೆದ್ದಿದ್ದ ಷಿಕಾಗೋ ಕಬ್ಸ್, 94 ಗೆದ್ದಿದ್ದ ಕ್ಲೀವ್‌ಲ್ಯಾಂಡ್‌ನ ಅಂಗಳಕ್ಕೇ ಹೋಗಿ ಏಳನೇ ಪಂದ್ಯ ಗೆದ್ದುಬಂದಿತು. ಆದರೆ 162 ಪಂದ್ಯಗಳ ದುಡಿಮೆಯಿಂದ ಸಿಗಬೇಕಾದದ್ದನ್ನು ಬೇರೆಯವರು ಆಡಿದ ಒಂದು ಸಂಜೆಯ ಆಟ ಹಂಚುವುದು ನ್ಯಾಯವಲ್ಲ ಎಂಬ ಆಕ್ಷೇಪಕ್ಕೆ ಯಾವ ಅಂಕಿಅಂಶವೂ ಉತ್ತರವಾಗಲಿಲ್ಲ.

2017ರಿಂದ ಆ ನಿಯಮ ಹೋಯಿತು. ತವರು ಅಂಗಳ ಈಗ ಋತುವಿನಲ್ಲಿ ಹೆಚ್ಚು ಗೆದ್ದ ತಂಡಕ್ಕೆ ಸೇರುತ್ತದೆ, ಆಲ್‌ಸ್ಟಾರ್ ಗೆದ್ದವರು ಬಹುಮಾನದ ಹಣ ಹಂಚಿಕೊಳ್ಳುತ್ತಾರೆ. ಆಯ್ಕೆಯ ತಕರಾರು ನಿಂತಿಲ್ಲ: 2025ರಲ್ಲಿ ಮಿಲ್ವಾಕೀಯ ಯುವ ಪಿಚರ್ ಜೇಕಬ್ ಮಿಸಿಯೊರೌಸ್ಕಿ ಮೇಜರ್ ಲೀಗ್‌ನಲ್ಲಿ ಐದೇ ಪಂದ್ಯ ಆಡಿ ತಂಡ ಸೇರಿದಾಗ, ಅವಕಾಶ ಸಿಗದ ಹಿರಿಯರ ಪರವಾಗಿ ಆಟಗಾರರೇ ಬಹಿರಂಗವಾಗಿ ಸಿಡುಕಿದರು.

ಅಟ್ಲಾಂಟಾದಲ್ಲಿ ನಡೆದ ಆ ವರ್ಷದ ಆಲ್‌ಸ್ಟಾರ್ ಪಂದ್ಯ 6-6ಕ್ಕೆ ಸಮವಾಯಿತು. ಹೊಸ ನಿಯಮದಂತೆ ಹೆಚ್ಚುವರಿ ಇನ್ನಿಂಗ್ಸ್ ಬದಲು ಪ್ರತಿ ಕಡೆಯ ಮೂವರಿಗೆ ಮೂರು ಮೂರು ಹೊಡೆತ ಕೊಡಲಾಯಿತು. ಚೆಂಡು ಎಸೆಯುವವರು ತಮ್ಮದೇ ಕಡೆಯ ಕೋಚ್. ಕೈಲ್ ಶ್ವಾರ್ಬರ್ ಮೂರಕ್ಕೆ ಮೂರನ್ನೂ ಬೇಲಿ ದಾಟಿಸಿದರು, ನ್ಯಾಷನಲ್ ಲೀಗ್ 4-3ರಿಂದ ಮೇಲಾಯಿತು, ಅವರಿಗೆ ಚೆಂಡೆಸೆದವರು ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಕೋಚ್ ಡೀನೋ ಈಬಲ್. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ನ್ಯಾಷನಲ್ ಲೀಗ್‌ನ 93 ಗೆಲುವಿನ ಡಾಡ್ಜರ್ಸ್, ಅಮೆರಿಕನ್ ಲೀಗ್‌ನ 94 ಗೆಲುವಿನ ಟೊರಾಂಟೋ ಬ್ಲೂ ಜೇಸ್ ಎದುರಾದವು, ಏಳನೇ ಪಂದ್ಯ ಟೊರಾಂಟೋದಲ್ಲಿ ನಡೆಯಿತು. ಹಳೆಯ ನಿಯಮ ಉಳಿದಿದ್ದರೆ ಅದು ಲಾಸ್ ಏಂಜಲೀಸ್‌ನಲ್ಲಿ ನಡೆಯಬೇಕಿತ್ತು, ಅದೂ ಡಾಡ್ಜರ್ಸ್‌ನ ಕೋಚ್ ಹೊಡೆಯಲೆಂದೇ ಹದವಾಗಿ ಎಸೆದುಕೊಟ್ಟ ಚೆಂಡುಗಳ ಬಲದಿಂದ.